ಗಾಜಿನ ಪೆಟ್ಟಿಗೆಯ ವೈದ್ಯ – ನಥೇನಿಯಲ್ ವಾರ್ಡ್

ಮಕ್ಕಳೇ, ಮಳೆಗಾಲದಲ್ಲಿ ನಿಮ್ಮ ಶಾಲೆಯ ಹಳೆಯ ಗೋಡೆಯನ್ನು ಹತ್ತಿರದಿಂದ ನೋಡಿದ್ದೀರಾ? ಅಲ್ಲಿ ಹಸಿರು ಹಾವಸೆ ಹಬ್ಬಿರುತ್ತದೆ. ಬಿರುಕಿನಲ್ಲಿ ಪುಟ್ಟ ಜರೀಗಿಡವೊಂದು ತಲೆ ಎತ್ತಿರುತ್ತದೆ. ಸಂಜೆಯಾಗಿ ದೀಪ ಹತ್ತಿದರೆ ಅದೇ ಗೋಡೆಯ ಮೇಲೆ ಹಲ್ಲಿಯೂ ಬಂದು ಹುಳುವಿಗಾಗಿ ಕಾಯುತ್ತದೆ.

ಈಗ ಒಂದು ಪ್ರಶ್ನೆ. ಆ ಜರೀಗಿಡವನ್ನು ಒದ್ದೆ ಮಣ್ಣಿನ ಸಮೇತ ಒಂದು ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದರೆ ಏನಾಗುತ್ತದೆ? ಸರಿಯಾದ ಜಾಗದಲ್ಲಿಟ್ಟರೆ ಅದು ನೀರು ಹಾಕದೆಯೇ ವರ್ಷಗಟ್ಟಲೆ ಬದುಕಬಹುದು. ಆದರೆ ಅದೇ ಬಾಟಲಿಯಲ್ಲಿ ಹಲ್ಲಿಯನ್ನು ಹಾಕಿದರೆ? ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಬಾಟಲಿ ಒಂದೇ. ಗಿಡಕ್ಕೆ ಅದು ಮನೆಯಾಯಿತು, ಹಲ್ಲಿಗೆ ಸೆರೆಯಾಯಿತು. ಏಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸುಮಾರು ಇನ್ನೂರು ವರ್ಷ ಹಿಂದಿನ ಲಂಡನ್ ನಗರಕ್ಕೆ ಹೋಗಬೇಕು. ಜೀವಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸುವ ವಿದ್ಯೆಯನ್ನು ಜಗತ್ತಿಗೆ ತೋರಿಸಿಕೊಟ್ಟ ವೈದ್ಯರೊಬ್ಬರು ಅಲ್ಲಿದ್ದರು. ಅವರ ಹೆಸರು ನಥೇನಿಯಲ್ ಬ್ಯಾಗ್‌ಶಾ ವಾರ್ಡ್.

ಹಡಗು ಹತ್ತಿದ ಹುಡುಗ

ವಾರ್ಡ್ 1791ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ವೈದ್ಯರು. ಬಾಲಕ ವಾರ್ಡ್‌ಗೆ ಹಡಗಿನಲ್ಲಿ ದೇಶ ಸುತ್ತುವ ಆಸೆ. ಹದಿಮೂರನೆಯ ವಯಸ್ಸಿನಲ್ಲಿ ಅವರಿಗೆ ವೆಸ್ಟ್ ಇಂಡೀಸಿನ ಜಮೈಕ ದ್ವೀಪಕ್ಕೆ ಹೋಗುವ ಅವಕಾಶ ಸಿಕ್ಕಿತು. ಸಮುದ್ರಯಾನ ಕಷ್ಟದ್ದಾಗಿತ್ತು. ನಾವಿಕನಾಗುವ ಆಸೆ ಅಲ್ಲಿಗೇ ಇಳಿಯಿತು. ಆದರೆ ಜಮೈಕದ ಕಾಡಿನಲ್ಲಿ ಕಂಡ ತಾಳೆಯ ಜಾತಿಯ ಮರಗಳು ಮತ್ತು ಮರದಷ್ಟೇ ಎತ್ತರ ಬೆಳೆದ ಜರೀಗಿಡಗಳು ಅವರ ಮನಸ್ಸಿನಲ್ಲಿ ಉಳಿದುಬಿಟ್ಟವು.

ಊರಿಗೆ ಮರಳಿದ ಮೇಲೆ ವಾರ್ಡ್ ವೈದ್ಯವೃತ್ತಿ ಕಲಿತರು. ತಂದೆಯಂತೆಯೇ ಲಂಡನ್ನಿನ ಪೂರ್ವ ಭಾಗದ ವೆಲ್‌ಕ್ಲೋಸ್ ಸ್ಕ್ವೇರ್ ಎಂಬಲ್ಲಿ ರೋಗಿಗಳನ್ನು ನೋಡತೊಡಗಿದರು. ಹಡಗುಕಟ್ಟೆಗಳಿಗೆ ಹತ್ತಿರವಿದ್ದ ಆ ಭಾಗದಲ್ಲಿ ಬಡವರು, ಕೂಲಿಕಾರರು ಕಿಕ್ಕಿರಿದು ವಾಸಿಸುತ್ತಿದ್ದರು. ವಾರ್ಡ್ ಹಗಲೆಲ್ಲ ರೋಗಿಗಳ ಸೇವೆ ಮಾಡುವರು. ಬಿಡುವು ಸಿಕ್ಕಾಗ ಊರಾಚೆಗೆ ಹೋಗಿ ಗಿಡಗಳನ್ನು, ಕೀಟಗಳನ್ನು ಗಮನಿಸುವರು.

ಹೊಗೆಯಲ್ಲಿ ಸತ್ತ ಜರೀಗಿಡಗಳು

ವಾರ್ಡ್ ಅವರಿಗೆ ಒಂದು ಸಣ್ಣ ಆಸೆಯಿತ್ತು. ಮನೆಯ ಹಿಂದಿನ ಅಂಗಳದಲ್ಲಿ ಕಲ್ಲುಗಳನ್ನು ಪೇರಿಸಿ, ಅವುಗಳ ಸಂದಿಯಲ್ಲಿ ಜರೀಗಿಡ ಮತ್ತು ಹಾವಸೆಯನ್ನು ಬೆಳೆಸಬೇಕೆಂದು. ಕಲ್ಲುಗಳ ಮೇಲೆ ಸದಾ ನೀರು ಜಿನುಗುವಂತೆಯೂ ಏರ್ಪಾಡು ಮಾಡಿದರು. ಗಿಡಗಳನ್ನು ಕಾಡಿನಿಂದ ತಂದು ನೆಟ್ಟರು. ಎಷ್ಟೇ ಆರೈಕೆ ಮಾಡಿದರೂ ಒಂದೊಂದಾಗಿ ಸತ್ತುಹೋದವು.

ಕಾರಣವೇನು ಗೊತ್ತೇ? ಆಗ ಲಂಡನ್ನಿನಲ್ಲಿ ಪ್ರತಿ ಮನೆಯ ಒಲೆಯಲ್ಲೂ ಪ್ರತಿ ಕಾರ್ಖಾನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಹೊಗೆ ಮತ್ತು ಮಸಿ ಊರನ್ನೇ ಮುಸುಕಿದ್ದವು. ಮಸಿ ಎಲೆಗಳ ಮೇಲೆ ಕೂತು ಬೆಳಕನ್ನು ತಡೆಯುತ್ತಿತ್ತು. ಹೊಗೆಯಲ್ಲಿದ್ದ ಗಂಧಕದ ಅನಿಲ ಎಲೆಗಳನ್ನು ಸುಡುತ್ತಿತ್ತು. ಜರೀಗಿಡಗಳು ಕಾಡಿನ ತೇವದ ನೆರಳಿನಲ್ಲಿ ಬೆಳೆಯುವಂಥವು. ಈ ಗಾಳಿಯನ್ನು ಅವು ತಡೆದುಕೊಳ್ಳಲಾರದೆ ಹೋದವು. ವಾರ್ಡ್ ಆ ತೋಟದ ಆಸೆಯನ್ನು ಕೈಬಿಟ್ಟರು.

ಬಾಟಲಿಯಲ್ಲಿ ಕಂಡ ಹಸಿರು

1829ರ ಬೇಸಿಗೆ. ವಾರ್ಡ್ ಅವರಿಗೆ ಪತಂಗದ ಕೋಶವೊಂದು ಸಿಕ್ಕಿತ್ತು. ಕಂಬಳಿಹುಳು ಪತಂಗವಾಗುವ ಮೊದಲು ಕೆಲಕಾಲ ಕೋಶದೊಳಗೆ ಇರುತ್ತದೆ ಎಂಬುದು ನಿಮಗೆ ಗೊತ್ತು. ಅದರಿಂದ ಪತಂಗ ಹೊರಬರುವುದನ್ನು ನೋಡಲು ವಾರ್ಡ್ ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಒದ್ದೆಯಾದ ಎಲೆಗೊಬ್ಬರದ ಮಣ್ಣನ್ನು ಹಾಕಿ, ಕೋಶವನ್ನು ಅದರಲ್ಲಿ ಹುದುಗಿಸಿ, ಮುಚ್ಚಳ ಹಾಕಿಟ್ಟರು.

ದಿನವೂ ಬಾಟಲಿಯನ್ನು ಗಮನಿಸುತ್ತಿದ್ದ ಅವರಿಗೆ ಒಂದು ಸಂಗತಿ ಕಾಣಿಸಿತು. ಹಗಲಿನ ಬಿಸಿಗೆ ಮಣ್ಣಿನ ತೇವ ಆವಿಯಾಗಿ ಮೇಲೇರುತ್ತಿತ್ತು. ಗಾಜಿನ ಒಳಮೈಗೆ ತಾಗಿ ಹನಿಗಟ್ಟುತ್ತಿತ್ತು. ಹನಿಗಳು ಮತ್ತೆ ಮಣ್ಣಿಗೆ ಜಾರುತ್ತಿದ್ದವು. ಹೀಗಾಗಿ ಮಣ್ಣು ಒಣಗಲೇ ಇಲ್ಲ. ಇನ್ನೂ ಕೆಲವು ದಿನ ಕಳೆದ ಮೇಲೆ ಮಣ್ಣಿನಿಂದ ಎರಡು ಪುಟ್ಟ ಮೊಳಕೆಗಳು ಎದ್ದವು. ಒಂದು ಹುಲ್ಲು, ಇನ್ನೊಂದು ಜರೀಗಿಡ!

ವಾರ್ಡ್ ಅವರಿಗೆ ಆಶ್ಚರ್ಯವಾಯಿತು. ಅಂಗಳದಲ್ಲಿ ಎಷ್ಟು ಪ್ರಯತ್ನಿಸಿದರೂ ಬದುಕದ ಜರೀಗಿಡ ಇಲ್ಲಿ ತಾನಾಗಿಯೇ ಹುಟ್ಟಿತ್ತು. ಹಾಗಾದರೆ ಅಂಗಳದಲ್ಲಿ ಇಲ್ಲದ ಯಾವುದು ಬಾಟಲಿಯೊಳಗೆ ಇದೆ? ತೇವವಿರುವ ಗಾಳಿ ಇದೆ, ಬೆಳಕಿದೆ, ಮಸಿ ಇಲ್ಲ, ಬಿರುಗಾಳಿ ಇಲ್ಲ. ಇಷ್ಟೇ ಸಾಕಾಗುವುದಾದರೆ ಗಿಡ ಮುಂದೆಯೂ ಬದುಕಬೇಕಲ್ಲವೇ? ಪರೀಕ್ಷಿಸಲು ಅವರು ಬಾಟಲಿಯನ್ನು ಉತ್ತರಕ್ಕೆ ಮುಖಮಾಡಿದ ಕಿಟಕಿಯ ಹೊರಗೆ ಇಟ್ಟರು. ಅಲ್ಲಿ ಬೆಳಕು ಸಿಗುತ್ತಿತ್ತು. ಸುಡುವ ಬಿಸಿಲು ನೇರವಾಗಿ ಬೀಳುತ್ತಿರಲಿಲ್ಲ. ಈ ಅಂಶವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಎರಡು ಸಸಿಗಳು ಒಂದು ಹನಿ ನೀರನ್ನೂ ಹಾಕಿಸಿಕೊಳ್ಳದೆ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದವು. ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಕೊನೆಗೆ ಬಾಟಲಿಯ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗಿಳಿಯಿತು. ಆಗ ಮಾತ್ರ ಅವು ಸತ್ತವು.

ಒಳಗೆ ನಡೆದದ್ದೇನು?

ಮುಚ್ಚಿದ ಬಾಟಲಿಯಲ್ಲಿ ಗಿಡ ಉಸಿರುಗಟ್ಟಿ ಸಾಯಲಿಲ್ಲವೇಕೆ? ನೀವು ಪಾಠದಲ್ಲಿ ಓದಿರುವ ದ್ಯುತಿಸಂಶ್ಲೇಷಣೆಯನ್ನು ನೆನಪಿಸಿಕೊಳ್ಳಿ. ಬೆಳಕಿರುವಾಗ ಹಸಿರೆಲೆ ನೀರು ಮತ್ತು ಇಂಗಾಲದ ಡೈ ಆಕ್ಸೈಡನ್ನು ಬಳಸಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆಗ ಆಮ್ಲಜನಕ ಹೊರಬರುತ್ತದೆ. ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಆಗ ಆಮ್ಲಜನಕ ಬಳಕೆಯಾಗಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೂ ಉದುರಿದ ಎಲೆಯನ್ನು ಕೊಳೆಸಿ ಇಂಗಾಲದ ಡೈ ಆಕ್ಸೈಡನ್ನೂ ಲವಣಗಳನ್ನೂ ಗಿಡಕ್ಕೆ ಮರಳಿಸುತ್ತವೆ. ನೀರು ಮೇಲೇರಿ ಹನಿಯಾಗಿ ಕೆಳಗಿಳಿಯುತ್ತದೆ. ಹೊರಗಿನಿಂದ ಬರಬೇಕಾದದ್ದು ಬೆಳಕು ಮಾತ್ರ.

ಜರೀಗಿಡಕ್ಕೆ ಬೇಕಾದುದೆಲ್ಲ ಆ ಪುಟ್ಟ ಬಾಟಲಿಯಲ್ಲೇ ಇತ್ತು. ಅದು ನಡೆಯುವುದಿಲ್ಲ, ಬೇಟೆಯಾಡುವುದಿಲ್ಲ. ಆದ್ದರಿಂದ ಅದಕ್ಕೆ ಬಾಟಲಿಯ ಗಾತ್ರ ಸಾಕಾಯಿತು.

ವಾರ್ಡ್ ಅಲ್ಲಿಗೆ ನಿಲ್ಲಲಿಲ್ಲ. ಬೇರೆ ಬೇರೆ ಗಿಡಗಳಿಗೆ ಬೇರೆ ಬೇರೆ ಗಾತ್ರದ ಪೆಟ್ಟಿಗೆಗಳನ್ನು ಮಾಡಿಸಿದರು. ಒಂದು ಕಿಟಕಿಯ ಮೇಲಿಡುವಷ್ಟು ಚಿಕ್ಕದು. ಇನ್ನೊಂದು ಕೋಣೆಯಂತೆ ಒಳಗೆ ನಿಂತು ನೋಡುವಷ್ಟು ದೊಡ್ಡದು. ಪೆಟ್ಟಿಗೆ ಮಾಡುವ ಮೊದಲು ಅವರು ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು: ಈ ಗಿಡ ತನ್ನ ಸ್ವಂತ ನೆಲೆಯಲ್ಲಿ ಹೇಗೆ ಬದುಕುತ್ತದೆ? ಅಲ್ಲಿ ಎಷ್ಟು ಬೆಳಕು, ಎಷ್ಟು ತೇವ, ಎಷ್ಟು ಬಿಸಿ? ಅದನ್ನು ತಿಳಿದ ಮೇಲೆಯೇ ಗಾಜು ಮತ್ತು ಮರದ ಅಳತೆ. ಎಲೆ ಕಾಗದಕ್ಕಿಂತ ತೆಳುವಾಗಿರುವ ಒಂದು ಜಾತಿಯ ಜರೀಗಿಡವನ್ನು ಲಂಡನ್ನಿನ ಹೆಸರಾಂತ ಸಸ್ಯಪಾಲಕರಾದ ಲಾಡಿಜಸ್ ಮನೆತನದವರಿಗೂ ಬೆಳೆಸಲು ಆಗಿರಲಿಲ್ಲ. ವಾರ್ಡ್ ಅವರ ಗಾಜಿನ ಆಸರೆಯಲ್ಲಿ ಅದು ಸೊಂಪಾಗಿ ಬೆಳೆಯಿತು.

ಕಡಲಿನ ಪರೀಕ್ಷೆ

ಆ ಕಾಲದಲ್ಲಿ ದೂರದೇಶದ ಗಿಡಗಳನ್ನು ಹಡಗಿನಲ್ಲಿ ತರುವುದು ಬಹಳ ಕಷ್ಟವಾಗಿತ್ತು. ಉಪ್ಪುನೀರಿನ ತುಂತುರು, ಬಿರುಗಾಳಿ, ಬಿಸಿಲು, ಚಳಿ ಎಲ್ಲವನ್ನೂ ಅವು ಎದುರಿಸಬೇಕಿತ್ತು. ಕುಡಿಯುವ ನೀರು ನಾವಿಕರಿಗೇ ಸಾಲುತ್ತಿರಲಿಲ್ಲ, ಗಿಡಗಳಿಗೆ ಎಲ್ಲಿಂದ ತರುವುದು? ಚೀನಾದಿಂದ ಇಂಗ್ಲೆಂಡಿಗೆ ಹೊರಟ ಸಾವಿರ ಗಿಡಗಳಲ್ಲಿ ಬದುಕಿ ತಲಪುವುದು ಒಂದೇ ಎಂದು 1819ರಲ್ಲಿ ಒಬ್ಬ ವೈದ್ಯರು ಅಂದಾಜು ಮಾಡಿದ್ದರು.

ವಾರ್ಡ್ ಅವರಿಗೆ ತಮ್ಮ ಪೆಟ್ಟಿಗೆ ಇಲ್ಲಿ ಉಪಯೋಗಕ್ಕೆ ಬರಬಹುದು ಎನ್ನಿಸಿತು. ಗಟ್ಟಿ ಮರದ ಚೌಕಟ್ಟಿಗೆ ಗಾಜು ಕೂಡಿಸಿ ಪೆಟ್ಟಿಗೆಗಳನ್ನು ಮಾಡಿಸಿದರು. ಹಡಗಿನ ಮೇಲೆ ಇಡಬೇಕಾದ್ದರಿಂದ ಅವು ತೀರಾ ದೊಡ್ಡದಾಗುವಂತಿರಲಿಲ್ಲ. ಬೇರುಗಳಿಗೆ ಸಾಕಷ್ಟು ಮಣ್ಣು ಹಿಡಿಸಬೇಕಾದ್ದರಿಂದ ತೀರಾ ಚಿಕ್ಕದಾಗುವಂತೆಯೂ ಇರಲಿಲ್ಲ. 1833ರಲ್ಲಿ ಇಂಥ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡ, ಹಾವಸೆ ಮತ್ತು ಹುಲ್ಲುಗಳನ್ನು ತುಂಬಿ ಕ್ಯಾಪ್ಟನ್ ಚಾರ್ಲ್ಸ್ ಮಲಾರ್ಡ್ ಅವರ ಹಡಗಿನಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಪ್ರಯಾಣದ ನಂತರ ಗಿಡಗಳು ಜೀವಂತವಾಗಿ ಸಿಡ್ನಿ ತಲಪಿದವು.

ಇನ್ನೂ ಕಠಿಣ ಪರೀಕ್ಷೆ ಬಾಕಿ ಇತ್ತು. 1834ರ ಫೆಬ್ರವರಿಯಲ್ಲಿ ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯದ ಗಿಡಗಳನ್ನು ತುಂಬಲಾಯಿತು. ಆಗ ಸಿಡ್ನಿಯಲ್ಲಿ ಕಡುಬೇಸಿಗೆ. ಉಷ್ಣತೆ 32 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಹಡಗು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವಾಗ ಹಡಗಿನ ಮೇಲೆ ಹಿಮ ಬಿದ್ದಿತ್ತು. ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿಳಿದಿತ್ತು. ಭೂಮಧ್ಯರೇಖೆ ದಾಟುವಾಗ ಅದು 49 ಡಿಗ್ರಿಯ ಹತ್ತಿರಕ್ಕೆ ಏರಿತು. ಎಂಟು ತಿಂಗಳ ನಂತರ, ನವೆಂಬರಿನಲ್ಲಿ, ಹಡಗು ಲಂಡನ್ ಸೇರಿತು. ವಾರ್ಡ್ ಮತ್ತು ಅವರ ಗೆಳೆಯ ಜಾರ್ಜ್ ಲಾಡಿಜಸ್ ಹಡಗನ್ನೇರಿ ನೋಡಿದರು. ಗಿಡಗಳು ಹಸಿರಾಗಿದ್ದವು! ಅವುಗಳಲ್ಲಿ ಅದುವರೆಗೆ ಇಂಗ್ಲೆಂಡಿಗೆ ಜೀವಂತವಾಗಿ ಬಂದೇ ಇರದ ಆಸ್ಟ್ರೇಲಿಯದ ಜರೀಗಿಡವೂ ಇತ್ತು.

ಪೆಟ್ಟಿಗೆ ಬದಲಿಸಿದ ಜಗತ್ತು

ಮುಂದೆ ಈ ಪೆಟ್ಟಿಗೆಗೆ ವಾರ್ಡ್ ಪೆಟ್ಟಿಗೆ ಎಂದೇ ಹೆಸರಾಯಿತು. ಅದು ಎಲ್ಲೆಲ್ಲಿ ಏನೇನು ಹೊತ್ತೊಯ್ದಿತು ನೋಡಿ. ರಾಬರ್ಟ್ ಫಾರ್ಚೂನ್ ಎಂಬ ಸಸ್ಯಶೋಧಕರು 1848ರಿಂದ 1851ರ ನಡುವೆ ಚೀನಾದ ಚಹಾ ಸಸಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಭಾರತಕ್ಕೆ ತಂದರು. ಮಲೇರಿಯಕ್ಕೆ ಔಷಧಿಯಾದ ಕ್ವಿನೈನ್ ದೊರೆಯುವ ಸಿಂಕೋನ ಮರ ದಕ್ಷಿಣ ಅಮೆರಿಕದ್ದು. 1860ರ ಹೊತ್ತಿಗೆ ಅದನ್ನು ನಮ್ಮ ನೆರೆಯ ನೀಲಗಿರಿ ಬೆಟ್ಟಗಳಲ್ಲಿ ನೆಡಲು ಆರಂಭಿಸಿದರು. ಆ ಸಸಿಗಳ ಸಾಗಣೆಗೂ ಈ ಪೆಟ್ಟಿಗೆ ನೆರವಾಯಿತು. 1876ರಲ್ಲಿ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಿಂದ ಶ್ರೀಲಂಕಾಕ್ಕೆ ರಬ್ಬರ್ ಸಸಿಗಳು ಹೋದದ್ದೂ ಹೀಗೆಯೇ.

ಇದರಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಎನ್ನಲಾಗದು. ಒಂದು ನಾಡಿನ ಜನರ ಬದುಕಿಗೆ ಆಧಾರವಾಗಿದ್ದ ಬೆಳೆಯನ್ನು ಬ್ರಿಟಿಷ್ ಆಡಳಿತ ಇನ್ನೊಂದು ನಾಡಿಗೆ ಸಾಗಿಸಿ ಲಾಭ ಮಾಡಿಕೊಂಡಿತು. ತೋಟಗಳಿಗಾಗಿ ಕಾಡುಗಳು ಕಡಿಯಲ್ಪಟ್ಟವು. ಪೆಟ್ಟಿಗೆಯ ಮಣ್ಣಿನೊಡನೆ ಕೀಟಗಳೂ ರೋಗಗಳೂ ಕಳೆಬೀಜಗಳೂ ದೇಶದಿಂದ ದೇಶಕ್ಕೆ ಹೋದವು. ಇಂದು ಗಿಡಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವಾಗ ತಪಾಸಣೆ ಮಾಡುವುದು ಇದೇ ಕಾರಣಕ್ಕೆ.

ವಾರ್ಡ್ ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಅವರು 1842ರಲ್ಲಿ ತಮ್ಮ ಪ್ರಯೋಗಗಳ ಬಗ್ಗೆ ಪುಸ್ತಕ ಬರೆದರು. ಹೊಗೆ ತುಂಬಿದ ಓಣಿಗಳಲ್ಲಿ ಬದುಕುವ ಬಡವರ ಕಿಟಕಿಗಳಲ್ಲೂ ಹಸಿರು ಕಾಣಬೇಕು, ಅವರು ಗಾಜಿನಡಿಯಲ್ಲಿ ಸೊಪ್ಪನ್ನಾದರೂ ಬೆಳೆದುಕೊಳ್ಳಬೇಕು ಎಂಬುದು ಅವರ ಆಶಯವಾಗಿತ್ತು. ಆಗ ಗಾಜಿಗೆ ತೆರಿಗೆ ಇತ್ತು, ಬೆಲೆ ಹೆಚ್ಚಾಗಿತ್ತು. 1845ರಲ್ಲಿ ಬ್ರಿಟನ್ ಆ ತೆರಿಗೆಯನ್ನು ತೆಗೆದುಹಾಕಿತು. ಗಾಜು ಅಗ್ಗವಾಯಿತು. ಆದರೆ ಪೆಟ್ಟಿಗೆಗಳು ಹೆಚ್ಚಾಗಿ ಸೇರಿದ್ದು ಶ್ರೀಮಂತರ ಮತ್ತು ಮಧ್ಯಮವರ್ಗದವರ ಹಜಾರಗಳನ್ನು.

1839ರಲ್ಲಿ ಸೂಕ್ಷ್ಮದರ್ಶಕದಲ್ಲಿ ಆಸಕ್ತಿಯಿದ್ದವರ ಸಂಘವೊಂದನ್ನು ಕಟ್ಟುವ ಮೊದಲ ಸಭೆ ನಡೆದದ್ದು ವಾರ್ಡ್ ಅವರ ಮನೆಯಲ್ಲಿ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಅವರು ಹದಿನೆಂಟು ವರ್ಷ ನೀರು ಹಾಕದ ಗಿಡಗಳ ಬಾಟಲಿಯೊಂದನ್ನು ಇಟ್ಟರು. 1852ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ದಕ್ಷಿಣ ಆಫ್ರಿಕದ ಒಂದು ಹಾವಸೆಗೆ ಸಸ್ಯವಿಜ್ಞಾನಿಗಳು ವಾರ್ಡಿಯ ಎಂದು ಹೆಸರಿಟ್ಟರು. ತಮ್ಮ ಪೆಟ್ಟಿಗೆಯಿಂದ ವಾರ್ಡ್ ಹಣವಂತರಾಗಲಿಲ್ಲ. ಅದರ ಗುಟ್ಟನ್ನು ಬಚ್ಚಿಡಲೂ ಇಲ್ಲ. 1868ರ ಜೂನ್ 4ರಂದು ಅವರು ತೀರಿಕೊಂಡರು.

ಹಲ್ಲಿಗೆ ಎಷ್ಟು ದೊಡ್ಡ ಪೆಟ್ಟಿಗೆ?

ವಾರ್ಡ್ ಪೆಟ್ಟಿಗೆಯ ವಂಶದ ಗಾಜಿನ ತೊಟ್ಟಿಗಳಿಗೆ ಇಂದು ಟೆರೇರಿಯಂ ಎನ್ನುತ್ತಾರೆ. ಅವುಗಳಲ್ಲಿ ಗಿಡಗಳಷ್ಟೇ ಅಲ್ಲ, ಪ್ರಾಣಿಗಳನ್ನೂ ಸಾಕುವುದುಂಟು. ಅಮೆರಿಕ, ಯೂರೋಪುಗಳಲ್ಲಿ ಗೆಕೊ ಎಂಬ ಗುಂಪಿನ ಹಲ್ಲಿಗಳನ್ನು ಸಾಕುವ ಹವ್ಯಾಸವಿದೆ. ನಮ್ಮ ಮನೆಹಲ್ಲಿಯೂ ಇದೇ ಗುಂಪಿಗೆ ಸೇರಿದ್ದು. ಅಲ್ಲಿನವರು ತೊಟ್ಟಿಯ ಗಾತ್ರವನ್ನು ಹೇಗೆ ಆರಿಸುತ್ತಾರೆ? ವಾರ್ಡ್ ಕೇಳಿಕೊಂಡ ಪ್ರಶ್ನೆಯೇ ಇಲ್ಲಿಯೂ ಮೊದಲ ಪ್ರಶ್ನೆ: ಈ ಜೀವಿ ತನ್ನ ನೆಲೆಯಲ್ಲಿ ಹೇಗೆ ಬದುಕುತ್ತದೆ?

ಚಿರತೆಯಂತೆ ಚುಕ್ಕೆಗಳಿರುವ ಲೆಪರ್ಡ್ ಗೆಕೊ ಒಣನಾಡಿನ ಕಲ್ಲುನೆಲದಲ್ಲಿ ಓಡಾಡುವ ಹಲ್ಲಿ. ಅದರ ಬೆರಳುಗಳಿಗೆ ಗೋಡೆಗೆ ಅಂಟುವ ಶಕ್ತಿಯಿಲ್ಲ. ಆದ್ದರಿಂದ ಅದಕ್ಕೆ ಎತ್ತರಕ್ಕಿಂತ ಉದ್ದ ಮುಖ್ಯ. ಬೆಳೆದ ಒಂದು ಹಲ್ಲಿಗೆ ಸುಮಾರು 75ರಿಂದ 90 ಸೆಂಟಿಮೀಟರಾದರೂ ಉದ್ದದ ತೊಟ್ಟಿ ಬೇಕೆಂದು ಸಾಕುವವರು ಹೇಳುತ್ತಾರೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ ಕ್ರೆಸ್ಟೆಡ್ ಗೆಕೊ ಮರಗಿಡಗಳ ಮೇಲೆ ಹತ್ತಿ ಬದುಕುವಂಥದು. ಅದಕ್ಕೆ ಉದ್ದಕ್ಕಿಂತ ಎತ್ತರ ಮುಖ್ಯ. 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 60 ಸೆಂಟಿಮೀಟರ್ ಎತ್ತರದ ತೊಟ್ಟಿಯನ್ನು ಬಳಸುವುದು ವಾಡಿಕೆ. ನೋಡಿ, ಎರಡೂ ಹೆಚ್ಚುಕಡಿಮೆ ಒಂದೇ ಉದ್ದದ ಹಲ್ಲಿಗಳು. ಆದರೂ ಮನೆಯ ಆಕಾರ ಬೇರೆ.

ಗಾತ್ರಕ್ಕೆ ಇನ್ನೊಂದು ಕಾರಣವೂ ಇದೆ. ಹಲ್ಲಿ ಶೀತರಕ್ತ ಪ್ರಾಣಿ. ನಮ್ಮಂತೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಚಳಿಯಾದರೆ ಬೆಚ್ಚಗಿನ ಜಾಗಕ್ಕೆ, ಸೆಕೆಯಾದರೆ ತಂಪಾದ ಸಂದಿಗೆ ಹೋಗುತ್ತದೆ. ಹಾಗಾಗಿ ತೊಟ್ಟಿಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಅಡಗಲು ಜಾಗವಿರಬೇಕು. ಗಾಳಿಯಾಡಲು ಜಾಲರಿ ಇರಬೇಕು. ಪುಟ್ಟ ಬಾಟಲಿಯಲ್ಲಿ ಎಲ್ಲ ಕಡೆಯೂ ಒಂದೇ ಬಿಸಿ. ಬಿಸಿಲಿಗೆ ಇಟ್ಟರಂತೂ ಗಾಜು ಶಾಖವನ್ನು ಒಳಗೇ ಹಿಡಿದಿಡುತ್ತದೆ. ವಾರ್ಡ್ ತಮ್ಮ ಬಾಟಲಿಯನ್ನು ಉತ್ತರದ ಕಿಟಕಿಯಲ್ಲಿ ಇಟ್ಟದ್ದು ಈಗ ನೆನಪಾಯಿತೇ? ಇದರ ಮೇಲೆ ಹಲ್ಲಿ ತನ್ನ ಆಹಾರವನ್ನು ತಾನು ತಯಾರಿಸಲಾರದು, ಹುಳು ಬೇಕು. ಅದು ಬಿಡುವ ಉಸಿರನ್ನು ಒಂದು ಪುಟ್ಟ ಜರೀಗಿಡ ಶುದ್ಧಮಾಡಿ ಮುಗಿಸಲಾರದು.

ಮಕ್ಕಳೇ, ನಮ್ಮಲ್ಲಿ ಆಟಕ್ಕೆಂದು ಹಲ್ಲಿ, ಓತಿಕೇತ, ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿದು ಬಾಟಲಿಗೆ ಹಾಕುವುದುಂಟು. ಮುಚ್ಚಳಕ್ಕೆ ತೂತು ಮಾಡಿದರೆ ಸಾಕು ಎಂದುಕೊಳ್ಳುವುದೂ ಉಂಟು. ತೂತಿನಿಂದ ಗಾಳಿ ಬರಬಹುದು, ಆದರೆ ತಂಪಾದ ಸಂದಿ, ಹುಳು, ಓಡಾಡುವ ಜಾಗ ಬರುವುದಿಲ್ಲ. ನಮ್ಮ ದೇಶದ ಕಾಡುಜೀವಿಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟಿದೆ ಎಂಬುದೂ ತಿಳಿದಿರಲಿ.

ನೀವೇ ಮಾಡಿ ನೋಡಿ

1. ಅಗಲ ಬಾಯಿಯ ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೊಳೆದುಕೊಳ್ಳಿ. ತಳಕ್ಕೆ ಸಣ್ಣ ಕಲ್ಲು, ಅದರ ಮೇಲೆ ಇದ್ದಿಲ ಚೂರು, ಅದರ ಮೇಲೆ ನಾಲ್ಕು ಬೆರಳಿನಷ್ಟು ಎಲೆಗೊಬ್ಬರದ ಮಣ್ಣು ಹಾಕಿ. ಗೋಡೆಯ ಹಾವಸೆ ಮತ್ತು ಒಂದು ಪುಟ್ಟ ಜರೀಗಿಡವನ್ನು ಬೇರು ಸಮೇತ ನೆಡಿ. ಮಣ್ಣು ಒದ್ದೆಯಾಗುವಷ್ಟು ಮಾತ್ರ ನೀರು ಚಿಮುಕಿಸಿ ಮುಚ್ಚಳ ಹಾಕಿ. ನೇರ ಬಿಸಿಲು ಬೀಳದ ಕಿಟಕಿಯಲ್ಲಿಡಿ. ಗಾಜು ಯಾವ ಹೊತ್ತಿನಲ್ಲಿ ಹನಿಗಟ್ಟುತ್ತದೆ ಎಂದು ದಿನವೂ ಬರೆದಿಡಿ.

2. ಇನ್ನು ಹಲ್ಲಿಯನ್ನು ಹಿಡಿಯದೆಯೇ ಅದರ ಮನೆಯನ್ನು ಅಳೆಯಿರಿ. ಸಂಜೆ ದೀಪದ ಬಳಿಯ ಒಂದು ಹಲ್ಲಿಯನ್ನು ಅರ್ಧ ಗಂಟೆ ಗಮನಿಸಿ. ಅದು ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಹುಳು ಹಿಡಿಯಿತು, ಎಲ್ಲಿ ಅಡಗಿತು ಎಂದು ಗುರುತಿಸಿ. ಅದು ಓಡಾಡಿದ ದೂರವನ್ನು ಗೇಣಿನಲ್ಲಿ ಎಣಿಸಿ, ಮರುದಿನ ಶಾಲೆಯಲ್ಲಿ ಮೀಟರಿಗೆ ಪರಿವರ್ತಿಸಿ. ಅಷ್ಟು ದೊಡ್ಡ ಗಾಜಿನ ಪೆಟ್ಟಿಗೆ ನಿಮ್ಮ ತರಗತಿಯ ಕೋಣೆಯಲ್ಲಿ ಹಿಡಿಸುತ್ತದೆಯೇ? ಲೆಕ್ಕ ಹಾಕಿ ನಿಮ್ಮ ಶಿಕ್ಷಕರಿಗೆ ತೋರಿಸಿ.